ಬೆಂಚುಗಳ ಲೆಕ್ಕ

ಲ್ಯಾಂಕಾಷೈರಿನ ಗುಡ್ಡದ ಸಂದಿಯಲ್ಲಿ
ಮಾರ್ಸ್‌ಬೆಕ್ ಅಂಗೈಯಗಲದ ಊರು.
ಬಸ್ಸು ಒಳಗೆ ಬಂದದ್ದು ತಿಳಿಯುವುದರೊಳಗೆ
ಹೊರಗೆ ಹೋಗಿರುತ್ತದೆ.
ಆದರೂ ಪಾರ್ಕುಗಳು ನಾಲ್ಕು.
ಮೂರೇ ಎನ್ನುತ್ತದೆ ಕೌನ್ಸಿಲ್ಲಿನ ನಕ್ಷೆ;
ನಾಲ್ಕನೆಯದು ಸ್ಮಶಾನ. ಊರ ಮಕ್ಕಳೆಲ್ಲ
ಸೈಕಲ್ಲು ಕಲಿಯುವುದು ಅಲ್ಲೇ,
ಎಬೆನೀಜರ್ ಕ್ಲೆಗ್ ಎಂಬವನ ಕಲ್ಲಿಗೆ ಗುದ್ದಿ
ನಾನು ಮುಂಬಲ್ಲು ಕಳಕೊಂಡದ್ದೂ ಅಲ್ಲೇ.

ಈ ಬೇಸಿಗೆ ನನಗೆ ಸಿಕ್ಕ ಕೆಲಸ: ಬೆಂಚು ಎಣಿಸುವುದು.
ಯಾವುದು ಕೊಳೆತಿದೆ, ಯಾವುದಕ್ಕೆ ಬಣ್ಣ ಬೇಕು,
ಯಾರ ಹೆಸರಿನ ಹಿತ್ತಾಳೆ ತಗಡು
ಯಾವುದರ ಬೆನ್ನಿಗಿದೆ.
ಐವತ್ತೆರಡು ವರ್ಷ ಈ ಊರಲ್ಲಿ ಕೂತೆದ್ದವಳಿಗೆ
ಕೂತದ್ದು ಯಾರ ಮೇಲೆ ಎಂದು
ಮೊದಲ ಸಲ ಓದುವ ಯೋಗ.

'ವಿನಿಫ್ರೆಡ್ ಆಕ್ರಾಯ್ಡ್. ಈ ನೋಟ ಅವಳಿಗೆ ಇಷ್ಟ.'
ನೋಟವೆಂದರೆ ಈಗ ಟೈರಂಗಡಿಯ ಹಿಂಗೋಡೆ.
'ನಮ್ಮ ನಾರ್ಮನ್. ಕೊನೆಗೂ ಕೂತ.'
'ಬೆಸ್. ಒಳ್ಳೆಯ ನಾಯಿ.'
ಬೆಸ್ಸಿನ ಬೆಂಚು ಮೇಯರಿನದಕ್ಕಿಂತ ಗಟ್ಟಿ,
ಹಾಗೆಂದೇ ಬರೆದುಕೊಂಡೆ.

ಬಾತುಗಳ ಕೆರೆಯನ್ನು ಕೆರೆಯೆಂದೇ ನಂಬಿದ್ದೆ.
ಅದು ಮಿಲ್ಲಿನ ತೊಟ್ಟಿ, ಉಗಿಯಂತ್ರಕ್ಕೆ ಕುಡಿಸುವ ನೀರು.
ಹೊರಗೆ ಹಿಮ ಬಿದ್ದರೂ ಒಳಗೆ ಬೆಚ್ಚಗಿರುತ್ತಿತ್ತಂತೆ,
ಯಾರೋ ಬಿಟ್ಟ ಹೊಂಬಣ್ಣದ ಮೀನು
ಮೊಳದುದ್ದ ಬೆಳೆದಿತ್ತಂತೆ.
ಹೇಳಿದವರು ಮುರಿಯಲ್ ಸಟ್‌ಕ್ಲಿಫ್,
ಲೈಬ್ರರಿಯ ಅಟ್ಟದಲ್ಲಿ ಊರಿನ ಚರಿತ್ರೆಯನ್ನೆಲ್ಲ
ಬಿಸ್ಕತ್ತಿನ ಡಬ್ಬಿಗಳಲ್ಲಿ
ಇಸವಿವಾರು ತುಂಬಿಟ್ಟವರು.

ಒಂದು ಡಬ್ಬಿಯಲ್ಲಿ ಮಿಲ್ಲಿನ ಖರೀದಿ ಪುಸ್ತಕ,
ಸಾವಿರದೆಂಟುನೂರ ಅರವತ್ತಮೂರು.
ಬಾಲ ಎಳೆದ ಅಕ್ಷರದಲ್ಲಿ ಒಂದು ಸಾಲು:
'ಧಾರ್ವಾರ್, ಮೂವತ್ತು ಬೇಲು. ಎಳೆ ಗಿಡ್ಡ. ಕಸ ಬಹಳ.'

ಫೋಟೋ ತೆಗೆದು ಅಪ್ಪನಿಗೆ ತೋರಿಸಿದೆ.
ಗದಗಿನವನು. ಇಲ್ಲಿ ಇಪ್ಪತ್ತೇಳು ವರ್ಷ
ಹತ್ತೊಂಬತ್ತನೇ ನಂಬರಿನ ಬಸ್ಸು ಓಡಿಸಿದವನು.
ಕನ್ನಡಕ ಹಣೆಗೇರಿಸಿ ಓದಿ, ಕೆಮ್ಮು ಬರುವಷ್ಟು ನಕ್ಕ:
'ಡಿಪೋದಾಗ ನನ್ನ ಬಗ್ಗೆನೂ ಇದನ್ನ ಬರದಿದ್ರು ನೋಡು!'
ಆಮೇಲೆ ಫೋನು ಮತ್ತೆ ಇಸಕೊಂಡ,
ಎರಡು ಬೆರಳಲ್ಲಿ ಅಕ್ಷರ ಹಿಗ್ಗಿಸಿ
ಸುಮಾರು ಹೊತ್ತು ನೋಡಿದ.
'ಕಸ ಬಹಳ ಅಂತ. ಆದ್ರೂ ತಗೊಂಡಾರಲ್ಲ.'

ನಲವತ್ತೊಂದನೇ ಬೆಂಚಿಗೆ ಹೆಸರಿರಲಿಲ್ಲ.
ಬೋಲ್ಸ್ ಆಡುವ ಹುಲ್ಲಿನ ಪಕ್ಕ, ಹಾಥಾರ್ನ್ ಗಿಡದಡಿ.
ಬೆನ್ನಹಲಗೆಯಲ್ಲಿ ಸ್ಕ್ರೂ ಕಿತ್ತ ನಾಲ್ಕು ತೂತು,
ನಡುವೆ ಬಿಸಿಲು ಕಾಣದೆ ಉಳಿದ
ಒಂದು ಇಸ್ಪೀಟೆಲೆಯಷ್ಟು ಹಸಿರು ಬಣ್ಣ.
ಹಿತ್ತಾಳೆಗಳ್ಳರು ಎಂದ ಮಾಲಿ.
ಗಂಡನ ಮೇಲೆ ಮುನಿದ ವಿಧವೆಯೊಬ್ಬಳು
ಅಡುಗೆಚಾಕುವಿನಲ್ಲಿ ತಾನೇ ಕಿತ್ತಳು ಎಂದರು ಕೆಲವರು.
ಮುರಿಯಲ್ ಮೂರು ಡಬ್ಬಿ ಸುರಿದು ಹುಡುಕಿದರು.
ಸಿಕ್ಕದ್ದು ಒಂದು ಬ್ಯಾಂಡಿನ ಫೋಟೋ,
ಯಾರದೋ ಹಲ್ಲು.
ನನ್ನದಿರಬಹುದೇ ಎಂದು ಕೇಳಲಿಲ್ಲ.

ಸಂಜೆ ಅಪ್ಪನನ್ನು ಅಲ್ಲಿಗೆ ನಡೆಸಿಕೊಂಡು ಹೋದೆ.
ಅವನಿಗೆ ದಾರಿ ಹೇಳಬೇಕಾಗಲಿಲ್ಲ.
ಬೇಲಿಯಾಚೆ ಹತ್ತೊಂಬತ್ತರ ಕೊನೆಯ ನಿಲ್ದಾಣ;
ಬಸ್ಸು ತಿರುಗಿಸುವ ಮುನ್ನ ಏಳು ನಿಮಿಷ ಬಿಡುವು,
ಡಬ್ಬಿ ಬಿಚ್ಚಿ ರೊಟ್ಟಿ ತಿನ್ನುತ್ತಿದ್ದದ್ದು ಇಲ್ಲೇ ಅಂತೆ.
'ತಗಡು ಇತ್ತೇನಪ್ಪಾ?'
'ಇತ್ತು. ದಿನಾ ಬೆನ್ನಿಗೆ ಒತ್ತತಿತ್ತು.'
'ಏನಂತ ಬರೆದಿತ್ತು?'
ತೂತಿನಲ್ಲಿ ಕಿರುಬೆರಳು ಇಟ್ಟು ತೆಗೆದ.
'ತಿರುಗಿ ಓದಿರಲಿಲ್ಲವ್ವ. ಏಳೇ ನಿಮಿಷ.'

ಫಾರಮ್ಮಿನಲ್ಲಿ ಬರೆದೆ:
ನಲವತ್ತೊಂದು. ಹಲಗೆ ಗಟ್ಟಿ. ಬಣ್ಣ ಬೇಡ.
ಹೆಸರಿನ ಜಾಗ ಖಾಲಿ ಬಿಟ್ಟು
ಪೆನ್ನು ಮುಚ್ಚಿದೆ. ಅಪ್ಪ ಆಗಲೇ ವಾಚು ನೋಡುತ್ತಿದ್ದ.