ಹದಿನೇಳನೆಯ ಬಣ್ಣ

ತೀನ್ ಕಂದೀಲಿನ ಹತ್ತಿರ, ಹರಿದ ಛತ್ರಿಯ ನೆರಳಲ್ಲಿ,
ಗೋಣಿತಟ್ಟಿನ ಮೇಲೆ ಕಿತ್ತ ಹಲ್ಲುಗಳ ಗುಡ್ಡೆ ಹಾಕಿಕೊಂಡು
ಕೂರುತ್ತಿದ್ದರು ನಮ್ಮಜ್ಜ ದಸ್ತಗೀರ್ ಸಾಬ್.
ಆ ಗುಡ್ಡೆಯೇ ಬೋರ್ಡು, ಅದೇ ಡಿಗ್ರಿ.
ಹಲ್ಲೊಂದಕ್ಕೆ ಹಾಲಿ ಸಿಕ್ಕಾ ಎರಡಾಣೆ;
ದವಡೆಯದಾದರೆ ನಾಲ್ಕು, ಅದರ ಬೇರಿಗೆ ಹಟ ಜಾಸ್ತಿ.
ಕೀಳುವ ಮುನ್ನ ಕೇಳುವರು: ‘ನಿನ್ನ ಎತ್ತಿನ ಹೆಸರೇನಪಾ?’
ಹೆಸರು ಹೇಳಲು ಬಾಯಿ ತೆರೆದವನು
ಮುಚ್ಚುವಷ್ಟರಲ್ಲಿ ಇಕ್ಕಳದ ತುದಿಗೆ ಬಂದಿರುತ್ತಿತ್ತು
ಎಂಟು ದಿನದ ನೋವು.
ಅರಿವಳಿಕೆ ಎಂದರೆ ಆಗ ಅಷ್ಟೇ:
ಒಂದು ಎತ್ತು, ಒಂದು ಲವಂಗ.

ಅವರಿಗೂ ಮೊದಲು ಹೊಗೆ.
ನೆಲಗುಳ್ಳದ ಬೀಜ ಕೆಂಡಕ್ಕೆ ಉದುರಿಸಿ
ಕೊಳವೆಯಿಂದ ಬಾಯಿಗೆ ಹೊಗೆ ಬಿಡುತ್ತಿದ್ದ ಮುದುಕಿ
ನೀರಿನ ಬಟ್ಟಲು ತೋರಿಸುತ್ತಿದ್ದಳಂತೆ: ‘ನೋಡವಾ, ಹುಳ!’
ಸಿಡಿದ ಬೀಜದ ಮೊಳಕೆ ಅದು, ಬೆಳ್ಳಗೆ, ಸುರುಳಿಯಾಗಿ.
ಸುಳ್ಳೇ ಹೌದು.
ಆದರೆ ಆ ರಾತ್ರಿ ಜನ ನಿದ್ದೆ ಮಾಡಿದರು.

ಇನ್ನೂ ಹಿಂದಕ್ಕೆ ಬರೀ ಕಲ್ಲು.
ಹಿರೇಬೆಣಕಲ್ಲಿಗೆ ಶಾಲೆಯ ಪ್ರವಾಸ, ನೆತ್ತಿಯ ಮೇಲೆ ಬಿಸಿಲು,
ನನಗೆ ಹದಿಮೂರು, ಕೋರೆಹಲ್ಲಿನ ಪಕ್ಕ ಹುಳುಕು.
ಗುಡ್ಡದ ಕಲ್ಲುಮನೆಗಳ ಮುಂದೆ ಮೇಷ್ಟ್ರು
ಸಾವಿರ ಸಾವಿರ ವರ್ಷಗಳ ಲೆಕ್ಕ ಹೇಳುತ್ತಿದ್ದರೆ
ನಾನು ಕೆನ್ನೆ ಹಿಡಿದು ಕೂತಿದ್ದೆ:
ಒರಳಿನ ಮರಳು ಬೆರೆತ ಹಿಟ್ಟು ತಿಂದು ಹಲ್ಲು ಸವೆದವರು
ನಡುರಾತ್ರಿ ಯಾವ ಸೊಪ್ಪು ಕಚ್ಚಿಕೊಂಡಿದ್ದರೋ,
ಯಾರ ಹೆಸರು ಕೂಗಿದ್ದರೋ.
ಚರಿತ್ರೆ ನನಗೆ ಅರ್ಥವಾದದ್ದು ಆ ಒಂದೇ ಸಲ.

ಅಪ್ಪ ಕೆಂಪು ರಬ್ಬರಿನ ಅಚ್ಚು ಕಲಿತರು,
ಆಮೇಲೆ ಗುಲಾಬಿ ಪುಡಿ, ಘಾಟಿನ ದ್ರಾವಣ.
ಅಮ್ಮಿಯ ಬಗಾರ ಅನ್ನಕ್ಕೂ ಅದೇ ವಾಸನೆ.
ನನಗೆ ಯಂತ್ರ ಬಂತು. ಪರದೆಯ ಮೇಲೆ
ಯಾರದೋ ಹಲ್ಲು ಭೂಗೋಲದಂತೆ ತಿರುಗುತ್ತದೆ;
ಬಿಳಿ ಬಿಲ್ಲೆಯಿಂದ ಸೂಜಿ ಅದನ್ನು ಕೊರೆದು ಕೊಡುತ್ತದೆ.
ಎತ್ತಿನ ಹೆಸರು ಅದು ಕೇಳುವುದಿಲ್ಲ.

ಲಿಂಗಸುಗೂರು ಕಡೆಯ ಬಸಲಿಂಗಮ್ಮ
ಕಟ್ಟಿಸಿಕೊಂಡ ಹಲ್ಲನ್ನು ಕರವಸ್ತ್ರದಲ್ಲಿ ವಾಪಸು ತಂದಳು.
‘ಇವು ನನ್ನವಲ್ಲಪ. ಟಿವಿಯಾಗಿನಾಕಿವು.
ಮಮ್ಮಗ ಹತ್ರ ಬರವಲ್ಲ.
ಇಷ್ಟು ಬೆಳ್ಳನ್ನ ಹಲ್ಲು
ನಮ್ಮೂರಾಗ ಎಮ್ಮಿ ಕರಕ್ಕೂ ಇಲ್ಲ.’

ಷೇಡ್ ಗೈಡ್ ತೆಗೆದೆ.
ಎ ಒಂದರಿಂದ ಡಿ ನಾಲ್ಕರವರೆಗೆ ಹದಿನಾರು ಬಣ್ಣ,
ಜಗತ್ತಿನ ಬಾಯಿಗಳನ್ನೆಲ್ಲ ಯಾರೋ ದೂರದಲ್ಲಿ ಕೂತು ಪಾಲು ಮಾಡಿದ್ದು.
ಅವಳ ಊರು ಅದರಲ್ಲಿರಲಿಲ್ಲ.
ಸೆರಗಿನ ಗಂಟು ಬಿಚ್ಚಿ ತನ್ನದೇ ಹಳೆಯ ಮುಂಬಲ್ಲು ಅಂಗೈಗಿಟ್ಟಳು:
ಅಂಚಿಗೆ ಸುಣ್ಣದ ಚುಕ್ಕಿ, ನಡುವೆ ಅಡ್ಡಗೆರೆ,
ಸೀದ ಬೆಲ್ಲದ ಪಾಕ.
ಎಳವೆಯಲ್ಲಿ ಕುಡಿದ ಬಾವಿ ಬರೆದ ಗೆರೆ ಅದು;
ಅವಳ ಅಣ್ಣನ ಬೆನ್ನನ್ನೂ ಅದೇ ನೀರು ಬಗ್ಗಿಸಿತ್ತಂತೆ.

ಕಲೆ ತೆಗೆಯುವುದು ನನ್ನ ಕೋರ್ಸಿನಲ್ಲಿತ್ತು.
ಕಲೆ ಹಾಕುವುದನ್ನು ಯಾರೂ ಕಲಿಸಿರಲಿಲ್ಲ.
ಎರಡು ರಾತ್ರಿ, ಒಂದೆಳೆ ಕುಂಚ,
ಕಂದು, ಕಾವಿ, ಹಳದಿಯ ಒಂದು ಸುಳಿವು.
ಒಂದು ಹಲ್ಲಿಗಂತೂ ಮೂರು ಸಲ ಬಳಿದು ಮೂರು ಸಲ ಒರೆಸಿದೆ.
ಅಜ್ಜನ ಗುಡ್ಡೆಯಲ್ಲಿ ಈ ಬಣ್ಣದವು ಎಷ್ಟಿದ್ದವೋ;
ಎಲ್ಲವನ್ನೂ ಅಪ್ಪ ಮಾವಿನಕೆರೆಗೆ ಚೆಲ್ಲಿ ಬಂದಿದ್ದರು.

ಹಾಕಿಕೊಂಡವಳು ಕನ್ನಡಿ ಕೇಳಲಿಲ್ಲ.
ನಾಲಿಗೆಯಿಂದ ಒಂದು ಸುತ್ತು ಹಾಕಿ,
ಮಗಳ ಕಡೆ ತಿರುಗಿ ಬೈದಳು,
‘ನನ್ನ ಚಪ್ಪಲಿ ಎಲ್ಲಿ ಇಟ್ಟಿಯೇ?’
‘ಹಾಂ, ಈಗ ಬಂದ್ಳು ನಮ್ಮವ್ವ’ ಅಂದಳು ಮಗಳು.

ಲ್ಯಾಬಿನ ರಿಜಿಸ್ಟರಿನಲ್ಲಿ
‘ಬಣ್ಣ’ ಎಂಬ ಕಲಮಿನ ಎದುರು
ಪೆನ್ನು ಸ್ವಲ್ಪ ಹೊತ್ತು ನಿಂತಿತು.
ಬರೆದೆ:
ಬಾವಿ, ಶಾಲೆಯ ಹಿಂದಿನದು.