ಇಪ್ಪತ್ತೆರಡು ಸೀಟು

ಹರಾಜಿನಲ್ಲಿ ಬೇರೆ ಯಾರೂ ಕೈಯೆತ್ತಲಿಲ್ಲವಂತೆ.
ಹದಿನಾರು ವರ್ಷ ತಾನೇ ಓಡಿಸಿದ ಶಾಲೆಯ ಬಸ್ಸನ್ನು
ನೆರಿಡಾ ಚಿಕ್ಕಮ್ಮ ತಾನೇ ಕೊಂಡಳು.
ದಿನಕ್ಕೆರಡು ಸಲ ಎಂಟು ಕಿಲೋಮೀಟರ್ ಹೋಗುವುದು, ಎಂಟು ಬರುವುದು;
ಕೂಡಿಸಿದರೆ ಭೂಮಿಗೆ ಎರಡೂವರೆ ಸುತ್ತು ಬಂದಿದ್ದಾಳೆ
ಗೀಲಾಂಗ್ ದಾಟದೆ.

'ನಕ್ಷೆ ಓದಲು ಬರುತ್ತಾ?' ಅಂದಳು ನನಗೆ.
ಬರುತ್ತೆ ಅಂದೆ. ಸುಳ್ಳು.

ಮೊದಲು ಮೆಲ್ಬರ್ನಿಗೆ, ಅಂಚೆಯವಳಾಗಿದ್ದ ಗೆಳತಿಗೆ ಬಸ್ಸು ತೋರಿಸಲು.
ಬಲಕ್ಕೆ ತಿರುಗಬೇಕಾದರೆ ಎಡದಂಚಿಗೆ ಹೋಗಿ ಕಾಯಬೇಕಾದ ಊರು ಅದು.
ನಾವು ಕಾದೆವು. ಟ್ರಾಮು ಗಂಟೆ ಬಾರಿಸಿತು, ಹಿಂದಿನವನು ಬೈದ,
ಚಿಕ್ಕಮ್ಮ ಕನ್ನಡಿ ನೋಡಿದಳು:
ಇಪ್ಪತ್ತೆರಡು ಸೀಟು, ಒಂದೂ ತಲೆಯಿಲ್ಲ.
'ಎಲ್ಲರೂ ಕೂತ್ಕೊಳ್ಳಿ' ಅಂದಳು, ಅಭ್ಯಾಸಬಲ.

ಕಡಲ ದಾರಿಯಲ್ಲಿ ಎಲ್ಲರೂ ನಿಲ್ಲಿಸುವಲ್ಲಿ ಅವಳು ನಿಲ್ಲಿಸಲಿಲ್ಲ.
ಸುಣ್ಣಕಲ್ಲಿನ ಕಂಬಗಳು, ಫೋಟೊ ಹೊಡೆಯುವ ಮಂದಿ, ಬಿಟ್ಟೆವು.
ಹೆಸರು ಗೊತ್ತಿಲ್ಲದ ಒಂದು ಕೊಲ್ಲಿಯಲ್ಲಿ ಇಳಿದು
ಪ್ಯಾಂಟು ಮೊಣಕಾಲಿಗೆ ಮಡಚಿ
ದಕ್ಷಿಣಕ್ಕೆ ಮುಖ ಮಾಡಿ ನಿಂತಳು.
'ಇಲ್ಲಿಂದ ಮುಂದೆ ಬರೀ ಮಂಜುಗಡ್ಡೆ, ಒಂದು ಸ್ಟಾಪೂ ಇಲ್ಲ.'
ಅಲೆ ಬಂದು ಪ್ಯಾಂಟು ಮಡಚಿದ್ದನ್ನು ವ್ಯರ್ಥ ಮಾಡಿತು.

ಕೂನವಾರದಲ್ಲಿ ಮಣ್ಣು ಕುಂಕುಮ.
ಬಳ್ಳಿಗಳು ಶಾಲೆಯ ಪ್ರಾರ್ಥನೆಯ ಸಾಲಿನಂತೆ ನಿಂತಿವೆ,
ಕೊನೆಯವು ಸ್ವಲ್ಪ ಸೊಟ್ಟ.
ಕೊಯ್ಲು ಮುಗಿಸಿದ ಇಬ್ಬರು ಕೈ ಅಡ್ಡ ಹಿಡಿದರು:
ವನುವಾಟುವಿನ ಜೋಸಾಯ, ಅವನ ತಮ್ಮ ಲೊಲೊ.
ಉಗುರಿನ ತನಕ ನೇರಳೆ.
'ಅಡಿಲೇಡಿಗೆ ಎಷ್ಟು?'
'ಬೆಲ್ಟು ಹಾಕಿದರೆ ಪುಕ್ಕಟೆ.'
ಬಾಟಲಿಯೊಂದನ್ನು ಕೊಟ್ಟರು, ತೋಟದ ಮಾಲೀಕ ಕೊಟ್ಟದ್ದು.
'ನಾವು ಕುಡಿಯೋದಿಲ್ಲ' ಅಂದ ಲೊಲೊ, 'ಬರೀ ಬಿಡಿಸ್ತೀವಿ.'
ದಾರಿಯುದ್ದಕ್ಕೂ ಇಬ್ಬರೂ ನಿದ್ದೆ.
ಚಿಕ್ಕಮ್ಮ ತಿರುವುಗಳಲ್ಲಿ ವೇಗ ಇಳಿಸಿದಳು,
ಮಲಗಿದ ಮಕ್ಕಳಿಗೆ ಇಳಿಸುತ್ತಿದ್ದಷ್ಟೇ.

ಅಡಿಲೇಡಿನಲ್ಲಿ ಅವರು ಇಳಿದ ಮೇಲೆ ಬಸ್ಸು ಮತ್ತೆ ದೊಡ್ಡದಾಯಿತು.

ಪೋರ್ಟ್ ಅಗಸ್ಟಾ ಆದ ಮೇಲೆ ಹೇಳುವುದಕ್ಕೇನಿದೆ?
ಮೂರು ಬೋಗಿಯ ಲಾರಿಗಳು ಗಾಳಿಯಲ್ಲೇ ಕೆನ್ನೆಗೆ ಹೊಡೆದು ಹೋಗುತ್ತವೆ.
ರಸ್ತೆಯಂಚಿನಲ್ಲಿ ಸತ್ತ ಕಾಂಗರೂ, ಅದರ ಮೇಲೆ ಹದ್ದು,
ಹಾರಲು ಸೋಮಾರಿ.
ಉಪ್ಪಿನ ಕೆರೆ ದೂರದಿಂದ ನೀರೆಂದು ನಂಬಿಸಿ
ಹತ್ತಿರ ಬಂದಾಗ ತಪ್ಪೊಪ್ಪಿಕೊಂಡಿತು.
ನನ್ನ ನಕ್ಷೆಯಲ್ಲಿ ಈ ಭಾಗ ಬರೀ ಕಾಗದದ ಬಣ್ಣ.

ಗ್ಲೆಂಡ್ಯಾಂಬೊ ದಾಟಿ ಬಹಳ ಹೊತ್ತಿನ ಮೇಲೆ
ಗೇಟು, ಅಂಚೆಡಬ್ಬಿಯಾದ ಎಣ್ಣೆಡ್ರಮ್ಮು,
ಅದರ ಪಕ್ಕ ಬೆನ್ನಿಗೆ ಚೀಲ ಹಾಕಿದ ಒಂದು ಹುಡುಗಿ.
ಚಿಕ್ಕಮ್ಮನ ಕಾಲು ಅವಳನ್ನು ಕೇಳದೆ ಬ್ರೇಕು ಒತ್ತಿತು.
ಸನ್ನೆ ಎಳೆದಳು, ಬಾಗಿಲು ಉಸ್ಸೆಂದಿತು.

'ನಾನು ಕಾಯ್ತಿರೋದು ಅಂಚೆ ಗಾಡಿಗೆ' ಅಂದಳು ಹುಡುಗಿ.
'ನನ್ನ ಶಾಲೆ ಕಂಪ್ಯೂಟರಲ್ಲಿ ಬರುತ್ತೆ. ನಂಗೆ ಬಸ್ಸಿಲ್ಲ.'
ಗಾಳಿಯಂತ್ರದ ಬುಡದಲ್ಲಿ ತೊಟ್ಟಿ ರಿಪೇರಿ ಮಾಡುತ್ತಿದ್ದ ಅಪ್ಪ
ಸ್ಪ್ಯಾನರು ಹಿಡಿದೇ ಬಂದ. ಬಸ್ಸು ನೋಡಿದ. ಚಿಕ್ಕಮ್ಮನನ್ನು ನೋಡಿದ.
'ಒಂದು ಸುತ್ತು' ಅಂದ, 'ಗಾಳಿಯಂತ್ರದ ತನಕ. ನಾನೂ ಬರ್ತೀನಿ.'

ಬ್ರಾನ್ವಿನ್ ಎಲ್ಲ ಸೀಟಲ್ಲೂ ಕೂತು ನೋಡಿ
ಕಟ್ಟಕಡೆಯದನ್ನು ಆರಿಸಿದಳು, ಎಲ್ಲ ಮಕ್ಕಳಂತೆ.
'ಇಲ್ಲಿ ಟ್ರಾಯ್ ಅಂತ ಕೆತ್ತಿದೆ. ಯಾರವನು?'
'ಪ್ರತಿ ಸೋಮವಾರ ವಾಂತಿ ಮಾಡ್ತಿದ್ದ. ಈಗ ವಕೀಲ.'
ಕೆಂಪು ಧೂಳಲ್ಲಿ ಬಸ್ಸು ನಿಧಾನ ತಿರುಗಿತು.
ಚಿಕ್ಕಮ್ಮ ಕನ್ನಡಿ ನೋಡಿ, ಬಾಯಿ ಬಿಟ್ಟು ಎಣಿಸಿದಳು:
'ಒಂದು.'
ಅಪ್ಪ ಲೆಕ್ಕಕ್ಕುಂಟು, ಆಟಕ್ಕಿಲ್ಲ.

ಕೂಬರ್ ಪೀಡಿಯಲ್ಲಿ ಜನ ನೆಲದೊಳಗೆ ಮಲಗುತ್ತಾರೆ, ತಂಪಿಗೆ.
ನಾನಾಗಲೇ ಗುಹೆಯ ಕೋಣೆಯಲ್ಲಿ ಬೂಟು ಬಿಚ್ಚಿದ್ದೆ.
ಅವಳಿನ್ನೂ ಬಸ್ಸಲ್ಲೇ,
ಕೊನೆಯ ಟ್ರಿಪ್ಪಿನ ನಂತರ ಮಾಡುತ್ತಿದ್ದಂತೆ ಟಾರ್ಚು ಹಿಡಿದು
ಒಂದೊಂದೇ ಸೀಟಿನಡಿ ಬಗ್ಗಿ ನೋಡುತ್ತ, ಯಾರಾದರೂ ಮಲಗಿಬಿಟ್ಟಿದ್ದರೆ ಅಂತ.

ಹುಡುಗಿಯ ಟೋಪಿ ಹಿಡಿದು ಕೆಳಗಿಳಿದು ಬಂದಳು.
'ನೋಡು ಇವರ ಬುದ್ಧಿ' ಅಂತ ಗೊಣಗಿದಳು,
'ನಾಳೆ ಮತ್ತೆ ನೂರೆಂಬತ್ತು ಕಿಲೋಮೀಟರ್ ಹಿಂದಕ್ಕೆ.
ಏಳೂವರೆಗೆ ಹೊರಡ್ತೀನಿ. ತಡ ಮಾಡಿದರೆ
ಬಿಟ್ಟೇ ಹೋಗ್ತೀನಿ.'