ಡಬ್ಬಿ ಮುಚ್ಚಳ

ಟೀಸಿ ತರಾಕ ಹ್ವಾದಾಗ ಹನ್ನೊಂದೂವರಿ.
ಬೆಟಗೇರಿಯಿಂದ ಟಂಟಂ. ಎರಡು ಸಲ ತೊಳದ್ರೂ
ಉಗುರಿನ ಸಂದ್ಯಾಗ ಮಸಾಲಿ ಖಾರ.
ಆಫೀಸಿನ ಹೊರಗ ಅದ ಬಾಕು.
ಹದಿಮೂರು ವರ್ಷದ ಹಿಂದ
ಅನಸೂಯಾನ್ನ ತೊಡಿಮ್ಯಾಲ ಹಾಕ್ಕೊಂಡು
ಇದರ ತುದಿಗೇ ಕುಂತಿದ್ದೆ,
ಫೀ ಮೂರು ಕಂತು ಮಾಡ್ರಿ ಅನ್ನೋ ಮಾತನ್ನ
ಮನ್ಯಾಗಿಂದ ಬಾಯಿಪಾಠ ಮಾಡ್ಕೊಂಡು ಬಂದು.

ಇವತ್ತ ಸಣ್ಣಾಂವ ವಿಠೂನ ಸರದಿ. ಕಡೀದು.
ಇನಾಸಪ್ಪ ಕ್ಲಾರ್ಕ್ ಕನ್ನಡಕದ ಮ್ಯಾಲಿಂದ ನೋಡಿ
'ಲೈಬ್ರರಿ ಬುಕ್ ಒಂದು ಬಾಕಿ ಐತ್ರೀ ಬಾಕಳೆಯವ್ರ,
ದಂಡ ಹದಿನೆಂಟು ರೂಪಾಯಿ' ಅಂದ.
ಕೊಟ್ಟೆ. ಇಷ್ಟು ವರ್ಷದ ಲೆಕ್ಕ
ಹದಿನೆಂಟು ರೂಪಾಯಿಗೆ ಚುಕ್ತಾ.

ಬೀಗರು ಕೇಳತಿದ್ರು, ಯಾಕ ಅವರ ಸಾಲಿಗೆ ಹಾಕಿ,
ನಾಳೆ ಕೊರಳಾಗ ಶಿಲುಬಿ ಕಟಗೊಂಡು ಬಂದ್ರ?
ಬಂದದ್ದು ಬ್ಯಾರೇನ:
ಊಟದ ಮುಂದ ಕಣ್ಣು ಮುಚ್ಚೂದು,
ಶನಿವಾರ ಬಿಳಿ ಬೂಟಿಗೆ ಚಾಕ್‌ಪೀಸ್ ಬಳಿಯೂದು,
ಸಿಸ್ಟರ್ ಬೆನಿಗ್ನಾರ ಮಂಗಳೂರ ಕನ್ನಡ.
'ಎಂತ ಸಾರು ಅಮ್ಮ ಇವತ್ತು?' ಅಂತ ಎರಡನೇತ್ತೆ ಹುಡುಗಿ ಕೇಳಿದ್ರ
ಖಾನಾವಳಿಯಾಗ ಉಣ್ಣಾವ್ರು ತುತ್ತು ಬಿಟ್ಟು ನಗತಿದ್ರು.

ಒಂದು ಗುಡ್ ಫ್ರೈಡೇ
ಸಾವಜಿ ಮನಿ ಕೂಸು ಮಟನ್ ಒಲ್ಲೆ ಅಂತು.
ನಮ್ಮತ್ತಿ ತಾಟು ಹಿಡಕೊಂಡು ನಿಂತು,
'ಯಾರ ತೀರಕೊಂಡಾರವಾ?'
'ಯೇಸು, ಅಜ್ಜಿ. ಬಡಿಗ್ಯಾರ ಮನ್ಯಾಂವ.'
'ಹೌದ? ನಮ್ಮೂರಾಗ ಇದ್ದಿದ್ರ
ಮಗ್ಗದ ಲಾಳಿಯರ ರಿಪೇರಿ ಮಾಡಿಕೊಡತಿದ್ದ'
ಅಂದು ತಾಟು ಒಯ್ದು, ಬ್ಯಾಳಿ ಹಾಕ್ಕೊಂಡು ಬಂದ್ಲು.
ಮುಂದ ಪ್ರತಿ ವರ್ಷ ಆ ದಿನ ಕೇಳದನ ಬ್ಯಾಳಿ.
ಅತ್ತಿ ಹ್ವಾದ ವರ್ಷಾನೂ.

ಟೀಸಿ ಬರಿಯಾಕ ಇನ್ನೂ ಅರ್ಧ ತಾಸು ಅಂದ್ರು.
ಬೇವಿನ ನೆಳ್ಳಿಗೆ ಸರದೆ. ಅಲ್ಲೇ ಕಲ್ಲಿನ ಗವಿ,
ಒಳಗ ನೀಲಿ ಸೆರಗಿನ ತಾಯಿ,
ಮೂಗಿನ ತುದಿಗೆ ಬಣ್ಣ ಹಾರೇತಿ.
ಕಾಲಬುಡಕ ಮೇಣಬತ್ತಿ,
ಅದರ ಕೆಳಗ ಒಂದು ಸ್ಟೀಲ್ ಮುಚ್ಚಳ.
ಮೇಣ ಗಟ್ಟಿಯಾಗಿ ಕುಂತಿತ್ತು. ಉಗುರಿಲೆ ಕೆರದೆ.
ಚುಕ್ಕಿ ಚುಕ್ಕಿ ಹೊಡದ ಅಕ್ಷರ:
ಸ. ನಾ. ಬಾಕಳೆ.

ನಂದ. ಮದುವ್ಯಾಗ ಬಂದ ಡಬ್ಬೀದು.
ಮೂರನೇತ್ತೆಯಾಗ ಅನಸೂಯಾ ಕಳಕೊಂಡು ಬಂದಿದ್ಲು.
ಮಂಗಳವಾರ. ಗಿರಾಕಿ ತುಂಬಿದ್ರು, ಗ್ಯಾಸ್ ಮುಗದಿತ್ತು,
ಇವರು ಮಗ್ಗ ಮಾರಿ ಹದಿನೈದು ದಿನ ಆಗಿತ್ತು.
ಸವಟಿನ ಹಿಡಿಕಿಲೆ ಹೊಡದೆ. ಎರಡು.
ಮೂರಿರಬೇಕು.
ಆ ವರ್ಷೆಲ್ಲಾ ಡಬ್ಬಿಗೆ ಅರಿವಿ ಕಟ್ಟಿ ಕಳಸಿದೆ,
ನೆನಪಿರಲಿ ಅಂತ.

ಕಿತ್ತು ಚೀಲಕ್ಕ ಹಾಕ್ಕೋಬಹುದಿತ್ತು.
ಯಾರೂ ಇರಲಿಲ್ಲ, ಆಕಿ ಒಬ್ಬಾಕಿ.
ಆಕಿ ಮಗಾನೂ ಒಮ್ಮೆ ಗುಡಿಯಾಗ ಉಳದು
ಮೂರು ದಿನ ಸಿಕ್ಕಿರಲಿಲ್ಲಂತ, ಹನ್ನೆರಡು ವರ್ಷದಾಂವ.
ವಿಠೂ ಹೇಳಿದ್ದ.
ಸಿಕ್ಕಾಗ ಒಂದೇಟರ ಹಾಕಿರಬೇಕು ಈಕಿ.
ಪುಸ್ತಕದಾಗ ಬರದಿಲ್ಲಂತ.
ಮೇಣಾನ ಮತ್ತ ಒತ್ತಿ ಕೂಡಿಸಿದೆ,
ಹೆಸರು ಕಾಣದಂಗ.

ಟೀಸಿ ಈಗ ಅಕ್ಕಿ ಡಬ್ಬಿ ಮ್ಯಾಲೈತಿ.
ನಡತೆ: ಉತ್ತಮ.
ಹುಡುಗರದ್ದು ಅಷ್ಟ ಬರೀತಾರ.

ರಾತ್ರಿ ಅನಸೂಯಾ ತಾಟು ಒರಸತಿದ್ಲು. ಹೇಳಿದೆ.
ಕೈ ನಿಲ್ಲಸಲಿಲ್ಲ ಆಕಿ.
'ಕಾಲಮ್ಯಾಲ ಮೇಣ ಬೀಳತಿತ್ತು, ಸುಡತೈತಲ್ಲ ಆಕಿಗೆ,
ಅದಕ ಇಟ್ಟೆ.
ಅವತ್ತ ಹೇಳಿದ್ನೆಲ್ಲಾ ನಿನಗ.
ಮಿಕ್ಸರ್ ಹಚ್ಚಿದ್ದಿ ನೀ.'